ಮೊದಲು ನೆರಳು, ಆಮೇಲೆ ಮನೆ

ಎರಡನೇ ಮಹಡಿಯ ತಿರುವಿಗೆ ಬಂದಾಗ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿತು. ಮುಂದೆ ಹಿಡಿದವರು ಇಳಿಯುವ ಹಾಗಿಲ್ಲ, ಹಿಂದೆ ಹಿಡಿದವರು ಹತ್ತುವ ಹಾಗಿಲ್ಲ. ಕೆಳಗಿನಿಂದ ಟೀಚರ ತಮ್ಮ ಒಂದೇ ಸಮನೆ ಓರೆ ಮಾಡಿ, ಓರೆ ಮಾಡಿ ಎಂದು ಕೂಗುತ್ತಿದ್ದ. ಓರೆ ಮಾಡಿದರೆ ಮಲಗಿದವರು ಜಾರಿ ಬೀಳುತ್ತಾರೆ ಎಂಬುದು ಅವನ ತಲೆಗೆ ಹೊಳೆದ ಹಾಗಿರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಟೀಚರಿಗೆ ಅಳು ಬರಬೇಕಾದ ಜಾಗದಲ್ಲಿ ಸಿಟ್ಟು ಬಂತು. ಈ ತಿರುವಿನ ಬಗ್ಗೆ ಗಂಡ ಗೊಣಗದೆ ಬಿಟ್ಟ ದಿನವೇ ಇಲ್ಲ. ತರಕಾರಿ ಚೀಲ ಹೊತ್ತು ಹತ್ತುವಾಗಲೂ ಇಲ್ಲಿ ನಿಂತು ಗೋಡೆ ತಟ್ಟುತ್ತಿದ್ದರು. ಇನ್ನೊಂದಡಿ ಅಗಲ ಬಿಟ್ಟಿದ್ದರೆ ಇವರಪ್ಪನ ಗಂಟೇನು ಹೋಗುತ್ತಿತ್ತು, ನಾಳೆ ಯಾರನ್ನಾದರೂ ಮಲಗಿಸಿಕೊಂಡು ಇಳಿಸುವುದು ಹೇಗೆ ಎನ್ನುತ್ತಿದ್ದರು. ಯಾರನ್ನೂ ಇಳಿಸುವುದು ಬೇಡ, ಸುಮ್ಮನೆ ಹತ್ತಿ ಎಂದು ಟೀಚರ್ ಹಿಂದಿನಿಂದ ತಳ್ಳುತ್ತಿದ್ದರು. ಈಗ ನೋಡಿದರೆ ಅವರ ಮಾತೇ ನಿಜವಾಗಿತ್ತು. ಸತ್ತ ಮೇಲೂ ತಾನು ಹೇಳಿದ್ದೇ ಸರಿ ಎಂದು ಸಾಧಿಸುವ ಮನುಷ್ಯ.

"ಯಾರೂ ಕೈ ಬಿಡ್ಬೇಡಿ. ತಲೆ ಕಡೆ ಎತ್ತಿ, ಕಂಬಿ ಮೇಲಿಂದ ದಾಟ್ಸಿ. ನಿಧಾನ," ಎಂದರು ಟೀಚರ್. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರ ದನಿ ಅದು. ನಾಲ್ಕು ಜನ ಗಂಡಸರು ಮರುಮಾತಿಲ್ಲದೆ ಹಾಗೇ ಮಾಡಿದರು.

ಬೆಳಗಿನ ಜಾವ ನೀರು ಕುಡಿಯಲು ಎದ್ದ ಗಂಡ ಬಾಲ್ಕನಿಯ ಕುರ್ಚಿಯಲ್ಲಿ ಕೂತು, ಕೂತಲ್ಲೇ ಹೋಗಿಬಿಟ್ಟಿದ್ದರು. ಮಗಳು ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು, ಅವಳ ರೈಲು ಬರುವುದು ಮಧ್ಯಾಹ್ನ. ಅಲ್ಲಿಯವರೆಗೆ ಇಡುವುದಾದರೂ ಎಲ್ಲಿ? ಇವರ ಬಾಡಿಗೆ ಫ್ಲಾಟು ಕಟ್ಟಡದ ಕೊನೆಯ ಮಹಡಿಯಲ್ಲಿ, ತಲೆಯ ಮೇಲೆ ಬೋಳು ತಾರಸಿ. ಬೆಳಿಗ್ಗೆ ಎಂಟು ಗಂಟೆಗೇ ಗೋಡೆ ಮುಟ್ಟಿದರೆ ಬಿಸಿ. ನೋಡಲು ಬಂದವರು ಹಾಲಿನಲ್ಲಿ ಐದು ನಿಮಿಷ ನಿಲ್ಲಲಾರದೆ ಮೆಟ್ಟಿಲಿಗೆ ಓಡಿ ಕತ್ತು ಒರೆಸಿಕೊಳ್ಳುತ್ತಿದ್ದರು. ಕೆಳಗೆ ಕಾರು ನಿಲ್ಲಿಸುವಲ್ಲಿ ಇಡೋಣವೆಂದರೆ ಕಟ್ಟಡದ ಸಂಘದ ಕಾರ್ಯದರ್ಶಿ ಕೈ ಹಿಸುಕಿಕೊಂಡು, ಎಲ್ಲರೂ ಆಫೀಸಿಗೆ ಹೊರಡುವ ಹೊತ್ತು, ಗಾಡಿಗಳು ಆಚೆ ಹೋಗಬೇಕಲ್ಲ ಎಂದು ರಾಗ ಎಳೆದರು.

ಇಂಥ ಕಾದ ಕಾವಲಿಯಂಥ ಮನೆಯಲ್ಲಿ ಸತ್ತವರು ಯಾರು ಅಂತೀರಿ? ಊರಿಗೆಲ್ಲ ತಂಪು ಮನೆ ಕಟ್ಟಿಕೊಟ್ಟವರು. ಎತ್ತರದ ಹೆಂಚಿನ ಮಾಡು, ಮಾರುದ್ದ ಚಾಚಿದ ಸೂರು, ಗೋಡೆಯಲ್ಲಿ ಗಾಳಿ ಓಡಾಡಲು ತೂತಿನ ಇಟ್ಟಿಗೆ, ನಡುಮನೆಯಲ್ಲಿ ಆಕಾಶಕ್ಕೆ ತೆರೆದ ಅಂಗಳ. ಫ್ಯಾನು ಹಾಕದೆ ನಿದ್ದೆ ಬರಬೇಕು ಎಂಬುದು ಅವರ ಹಟ. ಜನ ಅವರನ್ನು ಗಾಳಿ ಇಂಜಿನಿಯರ್ ಎಂದೇ ಕರೆಯುತ್ತಿದ್ದರು. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿಯುವುದು, ಆಮೇಲೆ ಅವರ ಕಿಟಕಿಗಳನ್ನೆಲ್ಲ ತೆರೆದು ಸೋಫಾ ತಿರುಗಿಸಿ ಹಾಕುವುದು. ಟೀಚರಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನಿಸುತ್ತಿತ್ತು. ಸ್ವಂತ ಮನೆಯ ಮಾತು ಬಂದರೆ ಮಾತ್ರ, ಕಟ್ಟೋಣ, ಸೈಟಿನ ಮರ ಇನ್ನೂ ಸ್ವಲ್ಪ ಬೆಳೀಲಿ ಎನ್ನುತ್ತಿದ್ದರು.

ಹಾಗಾಗಿ ಕಾರ್ಯದರ್ಶಿಯ ಗೊಣಗಾಟ ಕೇಳಿ ಟೀಚರಿಗೆ ರೇಗಿಹೋಯಿತು. "ಸೈಟಿಗೆ ತಗೊಂಡು ಹೋಗಿ," ಅಂದುಬಿಟ್ಟರು. "ಬದುಕಿದ್ದಾಗ ಪ್ರತಿ ಭಾನುವಾರ ಅಲ್ಲೇ ಬಿದ್ದಿರ್ತಿದ್ರು. ಇವತ್ತೂ ಅಲ್ಲೇ ಇರ್ಲಿ."

ತಮ್ಮನ ಮುಖ ಸಪ್ಪಗಾಯಿತು. ಅವನು ಸಿಮೆಂಟ್ ವ್ಯಾಪಾರಿ. ಆ ಸೈಟಿಗೆ ಗೋದಾಮು ಕಟ್ಟುವ ಗಿರಾಕಿಯನ್ನು ಹುಡುಕಿಕೊಟ್ಟವನೂ ಅವನೇ. ಅಕ್ಕನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ಅಕ್ಕ, ಸೋಮವಾರ ಗೋದಾಮಿನವ್ರು ಬರ್ತಾರೆ. ಅವತ್ತೇ ನಿನ್ನ ಸಹಿ, ಅವತ್ತೇ ಮರ ಕಡಿಯೋಕೆ ಆಳು. ಹೆಣ ಇಟ್ಟಿದ್ದ ಜಾಗ ಅಂತ ಗೊತ್ತಾದ್ರೆ ಹಿಂದೆಮುಂದೆ ನೋಡ್ತಾರೆ ಕಣಕ್ಕ."

"ನೋಡ್ಲಿ. ನಾನು ಮಾತು ಕೊಟ್ಟಿದ್ದೀನಿ, ತಪ್ಪಲ್ಲ. ನೀನು ಲಾರಿ ತರ್ಸು, ಕುರ್ಚಿ ಸಾಗಿಸ್ಬೇಕು."

*

ಟೀಚರ ಹೆಸರಿನಲ್ಲಿ ಆ ಸೈಟು ಕೊಂಡ ಹೊಸದರಲ್ಲಿ ಅಲ್ಲಿ ಕಲ್ಲು, ಮುಳ್ಳುಕಂಟಿ ಬಿಟ್ಟರೆ ಏನೂ ಇರಲಿಲ್ಲ. ಮೊದಲ ಭಾನುವಾರ ಗಂಡ ಹೆಂಡತಿ ಮಗಳು ಮೂವರೂ ಊಟದ ಡಬ್ಬಿ ಕಟ್ಟಿಕೊಂಡು ಹೋಗಿದ್ದರು. ಗಂಡ ಚೀಲದಿಂದ ತೆಗೆದದ್ದು ಅಳತೆಯ ಟೇಪಲ್ಲ, ಸೊಳ್ಳೆಬತ್ತಿ. ಅದನ್ನು ಹಚ್ಚಿ ನೆಲದ ಮೇಲಿಟ್ಟು, ಹೊಗೆ ಎತ್ತ ಹೋಗುತ್ತದೆ ಎಂದು ನೋಡುತ್ತ ಬಿಸಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಒಂದು ಕಡೆ ನೋಡಿ ಮುಗಿದರೆ ಇನ್ನೊಂದು ಕಡೆ. ಪಕ್ಕದ ದಾರಿಯಲ್ಲಿ ಹೋಗುವವರು ನಿಂತು ನೋಡಿ ನಕ್ಕು ಹೋದರು. ಯಾರ ಸೈಟಿನಲ್ಲೂ ಒಂದು ವರ್ಷ ಎಲ್ಲ ಕಾಲದ ಗಾಳಿಬಿಸಿಲು ನೋಡದೆ ಪೆನ್ಸಿಲು ಮುಟ್ಟುವುದಿಲ್ಲ ಎಂಬುದು ಅವರ ಪದ್ಧತಿ. ಅರ್ಧಕ್ಕರ್ಧ ಗಿರಾಕಿಗಳು ಆ ಒಂದು ವರ್ಷದಲ್ಲೇ ಕೈಬಿಟ್ಟು ಬೇರೆ ಇಂಜಿನಿಯರನ್ನು ಹುಡುಕಿಕೊಳ್ಳುತ್ತಿದ್ದರು.

"ನಿಂಗೇನು ಬೇಕು ಹೇಳು," ಎಂದು ಕೇಳಿದ್ದರು ಅವತ್ತು.

ಟೀಚರ್ ಯೋಚನೆಯನ್ನೇ ಮಾಡಲಿಲ್ಲ. "ಅಡುಗೆಮನೇಲಿ ನಿಂತ್ರೆ ಬೆನ್ನಿಗೆ ಗಾಳಿ ಬರ್ಬೇಕು. ಅಷ್ಟೇ. ಬೆವರು ಒರೆಸ್ಕೊಂಡು ಒರೆಸ್ಕೊಂಡು ಸಾಕಾಗಿದೆ."

ಅವರು ತಲೆಯಾಡಿಸಿ, ಹೆಂಡತಿಯನ್ನು ಅಲ್ಲಿ ನಿಲ್ಲು, ಇಲ್ಲಿ ನಿಲ್ಲು ಎಂದು ಸೈಟೆಲ್ಲ ಸುತ್ತಿಸಿದರು. ಆಮೇಲೆ ಹೇಳಿದರು: ಮೊದಲು ನೆರಳು ಕಟ್ಟೋಣ, ಆಮೇಲೆ ಮನೆ. ಗೋಡೆ ಯಾವಾಗ ಬೇಕಾದರೂ ಏಳುತ್ತದೆ, ಮರ ಹಾಗಲ್ಲ. ಟೀಚರಿಗೂ ಅದು ಚೆನ್ನಾಗಿಯೇ ಕೇಳಿಸಿತು. ಒಂದೆರಡು ವರ್ಷದ ಮಾತು ಅಂದುಕೊಂಡರು.

ಪಶ್ಚಿಮದ ಬಿಸಿಲು ತಡೆಯಲು ಬಾದಾಮಿ ಬಂತು, ಇನ್ನೊಂದು ಬದಿಗೆ ನೇರಳೆ, ಮುಂದೆ ಜೋಡಿ ಬೇವು. ಗಿಡ ಬೆಳೆಯಿತು, ಮಗಳು ಬೆಳೆದಳು, ಬಾಡಿಗೆಯೂ ಬೆಳೆಯಿತು. ನಕ್ಷೆ ಮಾತ್ರ ಮುಗಿಯಲೇ ಇಲ್ಲ. ಬಾದಾಮಿ ಹೇಳಿದ ಮಾತು ಕೇಳದೆ ವಾಲಿತು ಅಂತ ಗೋಡೆ ಸರಿಯಿತು. ನೇರಳೆಯ ಕೊಂಬೆ ಮಾಡಿಗೆ ಅಡ್ಡ ಬಂತು ಅಂತ ಮಾಡು ತಗ್ಗಿತು. ಕೊಂಬೆ ಕಡಿಸಿ ಅಂದರೆ, ನೆರಳಿಗೇಂತ ಬೆಳೆಸಿದ ಮರವನ್ನು ಮನೆಗೋಸ್ಕರ ಕಡಿಯೋದೇ ಎಂದು ಇವರನ್ನೇ ಕೊಲೆಗಾರರ ಹಾಗೆ ನೋಡುತ್ತಿದ್ದರು. ಕೊನೆಗೊಂದು ದಿನ ಟೀಚರ್ ಊಟದ ಡಬ್ಬಿ ಕಟ್ಟುವುದನ್ನು ನಿಲ್ಲಿಸಿದರು. "ಬಾಗಿಲು ಇಟ್ಟ ಮೇಲೆ ಕರೀರಿ, ಬರ್ತೀನಿ. ಅಲ್ಲೀವರೆಗೆ ಆ ಕಡೆ ಕಾಲಿಡಲ್ಲ," ಅಂದರು. ಹಟದಲ್ಲಿ ಗಂಡನಿಗಿಂತೇನು ಕಮ್ಮಿ ಇರಲಿಲ್ಲ ಅವರು. ವರ್ಷಗಟ್ಟಲೆ ಕಾಲಿಡಲಿಲ್ಲ.

*

ಹಾಗಾಗಿ ಆ ದಿನ ಕಾರಿನಿಂದ ಇಳಿದಾಗ ಟೀಚರಿಗೆ ಜಾಗದ ಗುರುತೇ ಸಿಗಲಿಲ್ಲ. ಅಕ್ಕಪಕ್ಕದಲ್ಲೆಲ್ಲ ಗಾಜು ಮೆತ್ತಿದ ಮನೆಗಳು ಎದ್ದಿದ್ದವು. ಅವುಗಳ ಗೋಡೆಗೆ ನೇತುಬಿದ್ದ ಏಸಿ ಡಬ್ಬಿಗಳು ಗುಂಯ್‌ಗುಡುತ್ತಿದ್ದವು. ನಡುವೆ ಇದೊಂದು ಕಪ್ಪು ಹಸಿರು ತುಂಡು. ಜೋಡಿ ಬೇವಿನ ನಡುವೆ ದಾಟಿ ಒಳಗೆ ಬಂದರೆ ಮೈ ತಣ್ಣಗಾಯಿತು. ಅದಕ್ಕೂ ಸಿಟ್ಟೇ ಬಂತು. ಇಷ್ಟು ತಂಪು ಇಲ್ಲಿಟ್ಟುಕೊಂಡು ಅಲ್ಲಿ ನನ್ನನ್ನು ಬೇಯಿಸಿದರಲ್ಲ ಅನಿಸಿತು.

ಮರಗಳು ಒತ್ತಾಗಿದ್ದುದರಿಂದ ಮಂಚ ಇಡಲು ಜಾಗ ಹುಡುಕಬೇಕಾಯಿತು. ನಟ್ಟನಡುವೆ ಒಂದು ಕಡೆ ಮಾತ್ರ ಗಿಡ ಹಾಕದೆ ಚೌಕಾಕಾರವಾಗಿ ಬಿಟ್ಟಿದ್ದರು. ಮೇಲೆ ನೋಡಿದರೆ ಅಷ್ಟಗಲ ಆಕಾಶ. ಸುತ್ತಲ ಮರಗಳ ನೆರಳು ಬಿದ್ದಿದ್ದರಿಂದ ಬಿಸಿಲೇನೂ ತಾಗುತ್ತಿರಲಿಲ್ಲ. ಅಲ್ಲೇ ಮಲಗಿಸಿದರು. ತಮ್ಮ ಲಾರಿಯಿಂದ ಕುರ್ಚಿ ಇಳಿಸಿ, ರಸ್ತೆಯಲ್ಲಿ ನಿಂತು ಫೋನಿನಲ್ಲಿ ಎಲ್ಲರಿಗೂ ದಾರಿ ಹೇಳತೊಡಗಿದ.

ಜನ ಬಂದರು. ಬಂದವರಲ್ಲಿ ಮುಕ್ಕಾಲು ಪಾಲು ಗಾಳಿ ಇಂಜಿನಿಯರ್ ಕೈಯಲ್ಲಿ ಮನೆ ಕಟ್ಟಿಸಿಕೊಂಡವರೇ. ಮೊದಲು ಬಂದ ಹಲ್ಲಿನ ಡಾಕ್ಟರು ಜೋಡಿ ಬೇವಿನ ನಡುವೆ ನಿಂತು ಶೂ ಬಿಚ್ಚಿಟ್ಟು ಒಳಗೆ ಬಂದರು. ಅದನ್ನು ನೋಡಿ ಹಿಂದಿನವರೂ ಬಿಟ್ಟರು. ಸ್ವಲ್ಪ ಹೊತ್ತಿಗೆ ಅಲ್ಲಿ ಚಪ್ಪಲಿಗಳ ಸಾಲೇ ಆಯಿತು. ಟೀಚರಿಗೆ ತಲೆ ಚಿಟ್ಟು ಹಿಡಿಯಿತು. ಆಚೆಗೂ ಮಣ್ಣು, ಈಚೆಗೂ ಮಣ್ಣು, ನಡುವೆ ಚಪ್ಪಲಿ ಬಿಡುವುದೇನು? ತಲೆ ಕೆಟ್ಟವರ ಜೊತೆ ಓಡಾಡಿ ಇವರಿಗೂ ಕೆಟ್ಟಿದೆ ಅಂದುಕೊಂಡರು.

ಸಾವಿನ ಮನೆಯಲ್ಲಿ ಸತ್ತವರನ್ನು ಹೊಗಳುವುದು ರೂಢಿ. ಇವರು ಹೊಗಳಲು ಶುರುಮಾಡಿ ದೂರಿಗೆ ಇಳಿಯುತ್ತಿದ್ದರು. ಪ್ರೆಸ್ಸಿನ ಯಜಮಾನರು ಕಣ್ಣೊರೆಸಿಕೊಂಡು, ದೇವರಂಥ ಮನುಷ್ಯ, ಆದರೆ ಆ ತೂತಿನ ಇಟ್ಟಿಗೆಯಲ್ಲಿ ಪಾರಿವಾಳ ಗೂಡು ಕಟ್ಟಿ ಸಾಕುಸಾಕಾಯ್ತು ಅಂದರು. ಇನ್ನೊಬ್ಬಾಕೆಯ ಮನೆಯಲ್ಲಿ ಮಲಗುವ ಕೋಣೆಯ ಮಾತು ಅಡುಗೆಮನೆಗೆಲ್ಲ ಕೇಳುತ್ತಿತ್ತಂತೆ, ಅತ್ತೆ ಬಂದರೆ ಜಗಳವಾಡಲೂ ಮಹಡಿ ಹತ್ತಬೇಕಂತೆ. ಒಂದಿಬ್ಬರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಹಲ್ಲಿನ ಡಾಕ್ಟರು ಮಾತ್ರ ಕತ್ತೆತ್ತಿ ನಡುವಿನ ಆಕಾಶವನ್ನೇ ನೋಡುತ್ತ ಕೂತಿದ್ದರು. ಟೀಚರ್ ಎಲ್ಲಕ್ಕೂ ಹೂಂ ಅನ್ನುತ್ತಿದ್ದರು. ಎಲ್ಲವನ್ನೂ ಅವರೇ ಗಂಡನಿಗೆ ನೂರು ಸಲ ಹೇಳಿದ್ದರು. ಆದರೂ ಬೇರೆಯವರ ಬಾಯಲ್ಲಿ ಕೇಳುವಾಗ ಮೈ ಉರಿಯಿತು. ಬೈಯುವ ಹಕ್ಕು ತನ್ನೊಬ್ಬಳದು ಅನಿಸಿತು.

ಎದ್ದು ಹೋಗಿ ನೀರು ಕೊಡುವ ಕೆಲಸಕ್ಕೆ ನಿಂತರು. ಕೈಗೊಂದು ಕೆಲಸ ಬೇಕಾಗಿತ್ತು. ನೀರಿನ ಕ್ಯಾನನ್ನು ಮೊದಲು ಬಾದಾಮಿಯ ಕೆಳಗೆ ಇಟ್ಟಿದ್ದರು, ಅಲ್ಲಿ ಇರುವೆ. ನೇರಳೆಯ ಈಚೆಗೆ ಇಟ್ಟರು, ಅಲ್ಲಿ ಬೇರು. ಕೊನೆಗೆ ಎರಡು ಸಣ್ಣ ಮರಗಳ ನಡುವೆ ಮೇಜು ಹಾಕಿಸಿ ಲೋಟಕ್ಕೆ ನೀರು ಬಗ್ಗಿಸುತ್ತ ನಿಂತರು. ಇಡೀ ಬೆಳಿಗ್ಗೆ ಬೆವರಿ ಒದ್ದೆಯಾಗಿದ್ದ ರವಿಕೆ ಯಾವಾಗ ಒಣಗಿತೋ ಗೊತ್ತಾಗಲಿಲ್ಲ.

*

ಹಲ್ಲಿನ ಡಾಕ್ಟರ ಮನೆ ಗಂಡ ತುಂಬ ಮೆಚ್ಚಿ ಕಟ್ಟಿದ ಮನೆ. ಅದರ ನಡುವಿನ ಅಂಗಳದಲ್ಲಿ ಮಳೆ ಬಿದ್ದರೆ ನಾಲ್ಕೂ ಕಡೆಯ ಜಗಲಿಗೆ ಒಂದು ಹನಿಯೂ ಸಿಡಿಯದ ಹಾಗೆ ಸೂರಿನ ಲೆಕ್ಕ ಹಾಕಿದ್ದರು. ಮನೆ ಮಧ್ಯೆ ಮಳೆ ಬೀಳುವಾಗ ಅದರ ಅಂಚಿನಲ್ಲಿ ಕೂತು ಕಾಲು ನೆನೆಸಿಕೊಳ್ಳದೆ ಇದ್ದರೆ ಅದೆಂಥ ಬದುಕು ಎನ್ನುತ್ತಿದ್ದರು. ಎರಡು ಮಳೆಗಾಲ ಕಳೆದ ಮೇಲೆ ಹಲ್ಲುನೋವೆಂದು ಅಲ್ಲಿಗೆ ಹೋಗಿದ್ದ ಗಂಡ ಹಲ್ಲು ತೋರಿಸದೆ ಮನೆಗೆ ಬಂದರು. ಊಟ ಬಡಿಸಿದರೆ ಕೈ ತೊಳೆದುಕೊಂಡು ತಟ್ಟೆ ನೋಡುತ್ತ ಕೂತರು.

"ಮುಚ್ಬಿಟ್ಟಿದ್ದಾರೆ," ಅಂದರು. "ಪ್ಲಾಸ್ಟಿಕ್ ಶೀಟು ಹಾಕಿ ಅಂಗಳ ಮುಚ್ಬಿಟ್ಟಿದ್ದಾರೆ. ಈಗ ಒಳಗೆ ಸೆಕೆ, ಏಸಿ ಎಲ್ಲಿಡ್ಬೇಕು ಅಂತ ನನ್ನೇ ಕೇಳ್ತಾರೆ."

ಟೀಚರ್ ಅವತ್ತೂ ಸುಮ್ಮನಿರಲಿಲ್ಲ. ಮನೆ ಒಳಗೆ ಮಳೆ ಸುರಿದರೆ ಯಾರು ತಾನೆ ಸಹಿಸುತ್ತಾರೆ, ನಿಮಗೆ ಬುದ್ಧಿ ಇಲ್ಲ ಅಂದರೆ ಅವರಿಗೂ ಇರಬಾರದೇ ಎಂದು ಕೇಳಿದರು. ಗಂಡ ಹಲ್ಲುನೋವಿನಲ್ಲೇ ಮಲಗಿದರು. ಆಮೇಲೆ ಒಂದೊಂದಾಗಿ ಎಲ್ಲ ಮನೆಗಳ ಅಂಗಳವೂ ಮುಚ್ಚಿತು. ಒಬ್ಬರು ಗಾಜು ಹಾಕಿಸಿದರು, ಒಬ್ಬರು ಕಾಂಕ್ರೀಟು. ಸಿಮೆಂಟು ತಮ್ಮನ ಅಂಗಡಿಯಿಂದಲೇ ಹೋಯಿತು. ಗಂಡ ಮಾತ್ರ ಬೇರೆ ಮನೆ ಕಟ್ಟಲು ಹೊರಡುವಾಗಲೆಲ್ಲ, ಈ ಸಲದವರು ಮುಚ್ಚುವುದಿಲ್ಲ ಎಂದು ನಂಬುತ್ತಿದ್ದರು. ಅಷ್ಟು ಸಲ ಮೋಸ ಹೋದವರನ್ನು ಟೀಚರ್ ಬೇರೆಲ್ಲೂ ಕಂಡಿರಲಿಲ್ಲ.

ಹೋದ ತಿಂಗಳು ಫ್ಲಾಟಿನ ಅಡುಗೆಮನೆಯಲ್ಲಿ ಟೀಚರಿಗೆ ತಲೆ ಸುತ್ತಿತು. ಸೆಕೆಗೆ ಕಣ್ಣು ಕತ್ತಲೆ ಬಂದು ಒಲೆಯ ಪಕ್ಕದಲ್ಲೇ ಕುಸಿದರು. ಎದ್ದು ಕೂತವರು ಹೇಳಿದ ಮೊದಲ ಮಾತು, ಸೈಟು ಮಾರಿ, ಒಂದು ತಂಪಾದ ಫ್ಲಾಟು ತಗೊಳ್ಳೋಣ. ಗಂಡ ಜಗಳ ಆಡಲಿಲ್ಲ. ಬೀಸಣಿಗೆಯಿಂದ ಗಾಳಿ ಹಾಕುತ್ತ, "ಸರಿ, ಮಾರು," ಅಂದರು. ಆಮೇಲೆ, "ಮಾರೋ ಮುಂಚೆ ಒಂದ್ಸಲ ಬಂದು ನೋಡ್ತೀಯಾ?" ಎಂದು ಕೇಳಿದರು.

"ಬಾಗಿಲು ಇಟ್ಟಿದ್ದೀರಾ?"

ಅವರು ಬೀಸಣಿಗೆ ಕೆಳಗಿಟ್ಟರು. ಟೀಚರ್ ಹೋಗಲಿಲ್ಲ.

*

ಮಗಳು ಬಂದಳು. ರೈಲಿನಿಂದ ನೇರವಾಗಿ ಆಟೋದಲ್ಲಿ ಬಂದವಳು ಜೋಡಿ ಬೇವಿನ ನಡುವೆ ಚಪ್ಪಲಿ ಕಳಚಿ, ಯಾರನ್ನೂ ನೋಡದೆ ಅಪ್ಪನ ಹತ್ತಿರ ಹೋಗಿ ಕೂತಳು. ಹಣೆ ಮುಟ್ಟಿದಳು. ದಿನವೂ ಸಾವು ನೋಡುವವಳು, ಅಪ್ಪನ ಕೈ ಹಿಡಿದ ಮೇಲೆ ಸಣ್ಣ ಮಗುವಿನ ಹಾಗೆ ಅತ್ತಳು. ಟೀಚರ್ ಲೋಟದಲ್ಲಿ ನೀರು ಹಿಡಿದು ಮೇಜಿನ ಹಿಂದೆಯೇ ನಿಂತಿದ್ದರು. ಕೊನೆಗೆ ಮಗಳೇ ಕಣ್ಣೊರೆಸಿಕೊಂಡು ಅಮ್ಮನಿದ್ದಲ್ಲಿಗೆ ಬಂದು ನೀರು ಕುಡಿದಳು. ಲೋಟ ಇಟ್ಟು, ಅಮ್ಮನನ್ನೂ ಮೇಜನ್ನೂ ಒಂದು ಸಲ ನೋಡಿದಳು.

"ನಿಂಗೆ ಅಪ್ಪ ತೋರಿಸಿದ್ರಾ?"

"ಏನನ್ನ?"

"ಇದೇ ಅಡುಗೆಮನೆ ಅಂತ. ನೀನು ಸರಿಯಾಗಿ ಒಲೆ ಮುಂದೇನೇ ನಿಂತಿದ್ದೀಯಲ್ಲಮ್ಮ."

ಟೀಚರಿಗೆ ಅರ್ಥವಾಗಲಿಲ್ಲ. ಮಗಳು ಕೈ ಎತ್ತಿ ತೋರಿಸಿದಳು. ಆ ನೇರಳೆಯ ಕೆಳಗಿನದು ತನ್ನ ಕೋಣೆ, ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಅಲ್ಲೇ ಚಾಪೆ ಹಾಕಿಕೊಂಡು ಓದುತ್ತಿದ್ದಳು. ಜನ ಕುರ್ಚಿ ಹಾಕಿಕೊಂಡು ಕೂತಿರುವುದು ಹಾಲು. ಅಪ್ಪನನ್ನು ಮಲಗಿಸಿರುವುದು ಅಂಗಳ, ಅಲ್ಲಿ ಒಂದು ಹುಲ್ಲುಕಡ್ಡಿ ಬೆಳೆದರೂ ಕೀಳುತ್ತಿದ್ದರು. ಜೋಡಿ ಬೇವು ಬಾಗಿಲು. ಮುಂಚೆಯಿಂದಲೂ ಅಪ್ಪ ಚಪ್ಪಲಿ ಅಲ್ಲೇ ಬಿಡಿಸುತ್ತಿದ್ದರು, ಬಂದವರಿಗೂ ಅದೇ ಅಭ್ಯಾಸ ಮಾಡಿಸಿದ್ದರು.

"ನನಗ್ಯಾರೂ ಹೇಳ್ಲಿಲ್ಲ," ಅಂದರು ಟೀಚರ್.

"ನೀನು ಬರ್ತಾನೇ ಇರ್ಲಿಲ್ವಲ್ಲಮ್ಮ."

ಟೀಚರ್ ಸೆರಗು ಸರಿಮಾಡಿಕೊಳ್ಳಲು ಕತ್ತಿನ ಹಿಂದೆ ಕೈ ಹಾಕಿದರು. ಕತ್ತು ಒಣಗಿತ್ತು. ಎರಡು ಸಣ್ಣ ಮರಗಳ ನಡುವಿನಿಂದ ಗಾಳಿ ಬೆನ್ನಿಗೆ ಬರುತ್ತಿತ್ತು. ಬಂದಾಗಿನಿಂದ ಬರುತ್ತಲೇ ಇತ್ತು. ಅಯ್ಯೋ ಈ ಮನುಷ್ಯನೇ ಅನಿಸಿತು. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ನಿನ್ನ ಒಲೆ ಇಲ್ಲಿ, ಬಾ ನಿಂತು ನೋಡು ಎಂದು ಕೈ ಹಿಡಿದು ಎಳೆತಂದಿದ್ದರೆ ಬರುತ್ತಿರಲಿಲ್ಲವೇ? ಬರುತ್ತಿರಲಿಲ್ಲ. ಅದು ಟೀಚರಿಗೂ ಗೊತ್ತಿತ್ತು. ಕರೆದಿದ್ದರು, ಇವರೇ ಹೋಗಿರಲಿಲ್ಲ.

ಅಷ್ಟರಲ್ಲಿ ಮೋಡ ಕವಿದಿತ್ತು. ಶವದ ಗಾಡಿ ಬರಲು ಇನ್ನೂ ಹೊತ್ತಿತ್ತು. ಮೊದಲು ಎಲೆಗಳ ಮೇಲೆ ಟಪಟಪ ಸದ್ದಾಯಿತು, ಆಮೇಲೆ ಮಳೆ ನೇರವಾಗಿ ಇಳಿಯಿತು. ಮರಗಳ ಕೆಳಗಿದ್ದವರಿಗೆ ಇನ್ನೂ ಹನಿ ತಾಗಿರಲಿಲ್ಲ. ನಡುವಿನ ಚೌಕದಲ್ಲಿ ಮಾತ್ರ, ಗಂಡ ಮಲಗಿದ್ದಲ್ಲಿ, ಸುರಿಯತೊಡಗಿತು. ಜನ ಗಡಿಬಿಡಿಯಿಂದ ಎದ್ದರು. ರಸ್ತೆಯಲ್ಲಿದ್ದ ತಮ್ಮ ಲಾರಿಯಿಂದ ಸಿಮೆಂಟ್ ಮೂಟೆ ಮುಚ್ಚುವ ನೀಲಿ ಟಾರ್ಪಾಲು ಎಳೆದುಕೊಂಡು ಓಡಿ ಬಂದ. ಹಲ್ಲಿನ ಡಾಕ್ಟರು, ಪ್ರೆಸ್ಸಿನ ಯಜಮಾನರು, ಇನ್ನಿಬ್ಬರು ಒಂದೊಂದು ಮೂಲೆ ಹಿಡಿದರು. ಕ್ಷಣದಲ್ಲಿ ಅಂಗಳದ ಮೇಲೆ ನೀಲಿ ಮಾಡು ಎದ್ದಿತು.

"ತೆಗೀರಿ ಅದನ್ನ," ಅಂದರು ಟೀಚರ್.

"ಅಕ್ಕ, ಭಾವ ನೆನೀತಾರೆ."

"ನೆನೀಲಿ. ನೀವೆಲ್ಲ ಸೇರಿ ಊರಲ್ಲಿರೋದನ್ನೆಲ್ಲ ಮುಚ್ಚಿದ್ದಾಯ್ತು. ಅವರ ಮನೆ ಅಂಗಳ ಮುಚ್ಬೇಡಿ."

ಮೊದಲು ಕೈ ಬಿಟ್ಟವರು ಹಲ್ಲಿನ ಡಾಕ್ಟರು. ಮೂಲೆ ಕೆಳಗಿಟ್ಟು, ತಲೆ ತಗ್ಗಿಸಿ ಹಿಂದೆ ಸರಿದು ನಿಂತರು. ಉಳಿದವರೂ ಬಿಟ್ಟರು. ಮಳೆ ಮತ್ತೆ ಗಂಡನ ಮೇಲೆ ಬಿತ್ತು, ಹೂವಿನ ಮೇಲೆ, ಬಿಳಿ ಬಟ್ಟೆಯ ಮೇಲೆ, ಮುಚ್ಚಿದ ಕಣ್ಣುಗಳ ಮೇಲೆ. ಮಗಳು ಅಂಚಿನಲ್ಲಿ ಕೂತು ಅಪ್ಪನ ಪಾದದ ಪಕ್ಕಕ್ಕೆ ತನ್ನ ಕಾಲು ಚಾಚಿದಳು. ಟೀಚರ್ ಅವಳ ಪಕ್ಕದಲ್ಲಿ ಕೂತರು. ಗೋಡೆಯಿಲ್ಲ, ಮಾಡಿಲ್ಲ, ಹೆಸರಿಗೊಂದು ಇಟ್ಟಿಗೆಯಿಲ್ಲ. ಇಷ್ಟು ವರ್ಷ ಕಾಯಿಸಿ ಕೊನೆಗೂ ತೋರಿಸಿದ್ದು ಇದನ್ನು. ಇನ್ನು ಈ ಮಾತಿಗೆ ಜಗಳವಾಡಲೂ ಎದುರಿಗೆ ಅವರಿಲ್ಲ ಎಂಬುದು ಆಗ ಹೊಳೆದು, ಬೆಳಗಿನಿಂದ ತಡೆದಿದ್ದ ಅಳು ಒಮ್ಮೆಗೇ ನುಗ್ಗಿ ಬಂತು. ಮಳೆಗೆ ಚಾಚಿದ ಕಾಲನ್ನು ಟೀಚರ್ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ತಮ್ಮ ಟಾರ್ಪಾಲು ಸುತ್ತಿ ಕಂಕುಳಲ್ಲಿಟ್ಟುಕೊಂಡ. ಆಮೇಲೆ ಹತ್ತಿರ ಬಂದು ಬಗ್ಗಿದ.

"ಅಲ್ಲಕ್ಕ, ಸೋಮವಾರ ಗೋದಾಮಿನವ್ರಿಗೆ ಏನಂತ ಹೇಳ್ಲಿ?"

ಟೀಚರ್ ಮುಖ ಒರೆಸಿಕೊಂಡು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಕಣ್ಣು ಅವನ ಕಾಲಿನ ಹತ್ತಿರ ನಿಂತಿತು.

"ಶೂ ಹಾಕ್ಕೊಂಡೇ ಒಳಗೆ ಬಂದಿದ್ದೀಯಲ್ಲೋ," ಅಂದರು. "ಹೊರಗೆ ಬಿಟ್ಟು ಬಾ."

ತಮ್ಮ ತನ್ನ ಶೂ ನೋಡಿಕೊಂಡ. ಸುತ್ತಲೂ ನೋಡಿದ. ಅಕ್ಕನ ಮುಖ ನೋಡಿದ. ಆಮೇಲೆ ಟಾರ್ಪಾಲನ್ನು ಅಕ್ಕನ ಮಗಳ ಕೈಗೆ ಕೊಟ್ಟು, ಬಂದ ದಾರಿಯಲ್ಲೇ ಜೋಡಿ ಬೇವನ್ನು ದಾಟಿ ಆಚೆಗೆ ಹೋಗಿ, ಒಂದು ಕೈಯಲ್ಲಿ ಕಾಂಡ ಹಿಡಿದು, ಮಳೆಯಲ್ಲಿ ಒಂಟಿಕಾಲಿನಲ್ಲಿ ನಿಂತು, ನೆನೆದು ಬಿಗಿದಿದ್ದ ಲೇಸು ಬಿಚ್ಚತೊಡಗಿದ.